ಖಜಾಂಚಿಯ ಲೆಕ್ಕ

ಶಾಲು ಒಂದು, ಮುನ್ನೂರ ಅರವತ್ತು.
ಹಣ್ಣಿನ ಬುಟ್ಟಿ ಇನ್ನೂರೈವತ್ತು; ಮೇಲೆ ಸೇಬು, ಕೆಳಗೆ ಬರೀ ಮುಸುಂಬಿ.
ಬ್ಯಾನರು, ಎಂಟಡಿ ಉದ್ದ ನಾಲ್ಕಡಿ ಅಗಲ, ನಾನೂರ ಎಂಬತ್ತು.
ಉಪ್ಪಳದ ನಮ್ಮ ಸೇವಾ ಕ್ಲಬ್ಬಿಗೆ ಇಪ್ಪತ್ತಮೂರು ವರ್ಷ,
ಹದಿನಾಲ್ಕು ವರ್ಷದಿಂದ ಖಜಾಂಚಿ ನಾನು.
ಔಷಧಿ ಅಂಗಡಿಯವನಿಗೆ ಚಿಲ್ಲರೆ ತಪ್ಪುವುದಿಲ್ಲವೆಂದು
ನಂಬಿದ್ದಾರೆ, ಪಾಪ.

ಈ ಸಲ ಕಣ್ಣಿನ ಶಿಬಿರ ಬೇಡ, ಗಿಡ ನೆಡುವುದೂ ಬೇಡ
(ಕಳೆದ ಸಲದ ಗಿಡಗಳ ಮೇಲೆ ಹೆದ್ದಾರಿ ಮಲಗಿದೆ),
ಊರಿನ ಮಕ್ಕಳನ್ನು ತಿದ್ದಿದವರಿಗೆ ಸನ್ಮಾನ ಮಾಡೋಣ
ಎಂದವರು ಅಧ್ಯಕ್ಷ ವಾಮನ ಸಾಲಿಯಾನರು.
ತಿದ್ದಿದವರು ಅಂದಕೂಡಲೆ
ನನಗೆ ಹೊಳೆದದ್ದು ಐತಪ್ಪ ಪೈಂಟರ್ ಒಬ್ಬರೇ.

ನೆನಪಿರಬೇಕು ನಿಮಗೆ:
ಪೇಟೆಯ ಅರ್ಧ ಬೋರ್ಡುಗಳ ಬಲಮೂಲೆಯಲ್ಲಿ
ಇರುವೆಯಷ್ಟು ಸಣ್ಣಗೆ, ‘ಐತು ಆರ್ಟ್ಸ್’.
ಕಟ್ಟಿಂಗ್ ಶಾಪಿನ ಕನ್ನಡಿಯ ಮೇಲೆ ‘ಸಾಲ ಕೇಳಬೇಡಿ’,
ಅದರ ಕೆಳಗೆ ಅದೇ ಮಾತು ಮಲಯಾಳದಲ್ಲಿ, ಇನ್ನೂ ಸ್ವಲ್ಪ ದಪ್ಪಗೆ.
ಮಸೀದಿ ಓಣಿಯ ಹೋಟೆಲಿಗೆ ಉರ್ದುವನ್ನೂ ಬರೆದರು,
ಓದಲು ಬಾರದೆಯೇ, ಚೀಟಿ ನೋಡಿಕೊಂಡು,
ಎಡದಿಂದ ಬಲಕ್ಕೆ!
ಬಿರಿಯಾನಿ ಹೇಗೂ ಬಿರಿಯಾನಿಯೇ ಆಗುತ್ತಿತ್ತು.

ಆಮೇಲೆ ಫ್ಲೆಕ್ಸ್ ಬಂತು. ಆಮೇಲೆ ಆರು ಪಥದ ರಸ್ತೆ.
ಜೇಸಿಬಿಯ ಕೈ ಒಂದು ಬೆಳಿಗ್ಗೆ
ಸಾಲು ಅಂಗಡಿಗಳ ಹಣೆ ಕಿತ್ತುಹಾಕಿತು.
ಐತಪ್ಪಣ್ಣ ಗುಜರಿಗೆ ಹೋಗಿ
ತಾನೇ ಬರೆದ ಹದಿನೇಳು ತಗಡುಗಳನ್ನು
ಕಿಲೋಕ್ಕೆ ಇಪ್ಪತ್ತೆಂಟರಂತೆ ಕೊಂಡು ತಂದರು.
ಹುಚ್ಚು ಅಂದೆವು. ನಾನೂ ಅಂದೆ.

ತಗಡಿಗೆ ಬೆನ್ನಿರುತ್ತದೆ.
ಮೀನಿನ ಲಾರಿ ಓಡಿಸುವ ಮೊಯಿದಿನಬ್ಬನ ಮಗಳು,
ಮಿಸ್ರಿಯ, ಎಂಟನೇ ಕ್ಲಾಸು,
ಆ ಬೆನ್ನುಗಳ ಮೇಲೆ ಎರಡು ಮಳೆಗಾಲ
ಬರೀ ಸೊನ್ನೆ ಬರೆದಳು.
“ಸೊನ್ನೆ ಉರುಟಾದರೆ ಕನ್ನಡ ಅರ್ಧ ಬಂತು,
ಮಲಯಾಳ ಮುಕ್ಕಾಲು.” ಇದು ಅವರ ವ್ಯಾಕರಣ.
ಒಂದು ದಿನ ಅವಳೇ ಹೇಳಿದಳಂತೆ:
“ಅಜ್ಜಾ, ಅಲಿಫ್ ಮೇಲಿಂದ ಇಳಿಯಬೇಕು. ಸಾಲು ಬಲದಿಂದ ಹೊರಡಬೇಕು.”
ಎಪ್ಪತ್ತೊಂದರ ಮುದುಕ
ಬ್ರಷ್ಷು ಅವಳ ಕೈಗೆ ಕೊಟ್ಟು, ನೆಲಕ್ಕೆ ಕೂತು,
“ತೋರಿಸು” ಅಂದರಂತೆ.

ಈಗ ಮಂಜೇಶ್ವರದ ಬಂದರಿನಲ್ಲಿ
ಮೂರು ದೋಣಿಗಳ ಮೂತಿಯ ಮೇಲೆ ಅವಳ ಅಕ್ಷರ.
ನಾಲ್ಕನೆಯದರ ಯಜಮಾನ ಇನ್ನೂ ಹೆಸರು ಹುಡುಕುತ್ತಿದ್ದಾನೆ.

ಸಭೆಯ ದಿನ. ಜಿಲ್ಲಾ ಗವರ್ನರು ತಡ.
ವೇದಿಕೆಯಲ್ಲಿ ಐತಪ್ಪಣ್ಣ,
ಮಡಿಲಲ್ಲಿ ನಡುಗುವ ಬಲಗೈ, ಅದರ ಮೇಲೆ ಎಡಗೈಯ ಭಾರ,
ಕತ್ತು ತಿರುಗಿಸಿ ತಿರುಗಿಸಿ ಹಿಂದೆ ನೋಡುತ್ತಿದ್ದರು.
ನೋವೇ ಎಂದು ನಾನು ಮುಲಾಮಿನ ಹೆಸರು ಹೇಳಿದೆ.
ಅವರು ಗಲ್ಲ ಎತ್ತಿ ತೋರಿಸಿದರು:
ಕೆಂಪಿನಲ್ಲಿ, ಅಡಿಯೆತ್ತರ,
‘ಪ್ರತಿಬಾ ಪೋಷಕ ಸನ್ಮಾನ’.

ಪ್ರಿಂಟು ಮಾಡಿದ ಹುಡುಗ ಪಯ್ಯನ್ನೂರಿನವ, ತಪ್ಪು ಅವನದ್ದಲ್ಲ.
ಫೋನಿನಲ್ಲಿ ಪ್ರೂಫ್ ನೋಡಿ ಓಕೆ ಅಂದವ ನಾನು.

ಸಾಲಿಯಾನರು ಬೆವರಿದರು. ಹೂಮಾಲೆ ಇಳಿಬಿಡೋಣ ಅಂದರು ಯಾರೋ.
ಮಿಸ್ರಿಯ ಮೂರನೇ ಸಾಲಿನಿಂದ ಎದ್ದು,
ಶಾಲೆ ಚೀಲದಿಂದ ಡಬ್ಬಿ ತೆಗೆದು,
ಗವರ್ನರರ ಕುರ್ಚಿಯನ್ನೇ ಎಳೆದು
ಚಪ್ಪಲಿ ಬಿಟ್ಟು ಹತ್ತಿದಳು.
ಸಭೆಗೆ ಬೆನ್ನು. ಉಸಿರು ಕಟ್ಟಿ
ಬಾ ಅಕ್ಷರದ ಅಡಿಯಲ್ಲಿ ಒಂದು ಗೀಟು,
ಮೇಲಿಂದ ಕೆಳಗೆ, ಬೆರಳಿನಷ್ಟು.

ಚಪ್ಪಾಳೆ ಏಳುವ ಮೊದಲು
ಐತಪ್ಪಣ್ಣನ ದನಿ, ಮೈಕಿಲ್ಲದೆ:
“ಒಂದು ನೂಲು ಎಡಕ್ಕೆ ಹೋಯಿತು, ಮಗಾ.”
“ಗೊತ್ತುಂಟು ಅಜ್ಜ,” ತಿರುಗದೆ ಅಂದಳು,
“ಕುರ್ಚಿ ಅಲ್ಲಾಡಿತು.”

ಶಾಲು, ಬುಟ್ಟಿ, ಬ್ಯಾನರು, ನೂರ ಹತ್ತು ಮಂದಿಯ ಚಾ:
ಎಲ್ಲ ಬರೆದಿದ್ದೇನೆ, ರಸೀದಿ ಲಗತ್ತಿಸಿದೆ.
ಕೆಂಪು ಬಣ್ಣ, ಸುಮಾರು ಒಂದು ಹನಿ:
ಬಿಲ್ಲು ಕೇಳಿದೆ, ಅವಳು ಕೊಟ್ಟಿಲ್ಲ.
ಬಾಕಿ ಎಂದು ತೋರಿಸಿದ್ದೇನೆ.